ಕಾರ್ಡಿನ ಕೊನೆಯ ಒಂಬತ್ತು ನಿಮಿಷ

ಮೊನ್ನೆ ಕಲಬುರಗಿಯಲ್ಲಿ ನನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದೆವು. ಹದಿಮೂರು ದಿನದ ಕೂಸು. ಅಂಗೈಯಷ್ಟು ಮುಖ, ಆ ಮುಖದಾಗ ನಮ್ಮ ಮನೆತನದ ಮೂಗು! ಆಕಳಿಸಿದರೂ ನನಗೊಂದು ಸುದ್ದಿ, ಸೀನಿದರೂ ಒಂದು ಸುದ್ದಿ. ಬಂದವರಿಗೆಲ್ಲ ಬಟ್ಟೆ ಬಿಚ್ಚಿ ಬಿಚ್ಚಿ ಕಾಲು ತೋರಿಸಿದೆ, ಬೆರಳು ನೋಡ್ರಿ, ಉಗುರು ನೋಡ್ರಿ ಅಂತ. "ಅವ್ವಾ, ಕೂಸಿಗಿ ಥಂಡಿ ಆಗ್ತದ, ಮುಚ್ಚು. ಎಲ್ಲಾರ ಕೂಸಿಗೂ ಹತ್ತು ಬೆರಳೇ ಇರ್ತಾವ" ಅಂತ ಮಗಳು ಲೀಲಾ ಬೈದಳು. ಇರಲಿ, ಬೈಯಲಿ. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಆಕೆಯ ಮಡಿಲು ತುಂಬಿದೆ. ನನ್ನ ಬಾಯಿ ಮುಚ್ಚುವುದೆಂದರೆ ಉಕ್ಕುವ ಹಾಲಿಗೆ ಮುಚ್ಚಳ ಇಟ್ಟ ಹಾಗೆ.

ಅವತ್ತು ಬೆಳಿಗ್ಗೆ ಕೂಸಿಗೆ ಎರೆದು, ಕೆಂಡದ ಮೇಲೆ ಚಿಟಿಕೆ ಲೋಬಾನ ಹಾಕಿ, ಆ ಹೊಗೆಗೆ ಕೂಸನ್ನು ಹಿಡಿದೆ. ವಾಸನೆ ಮೂಗಿಗೆ ಬಡಿಯಿತು. ಬಡಿದದ್ದೇ ತಡ, ಇಷ್ಟು ಸಂತೋಷದ ನಡುವೆ ನನ್ನ ಕಣ್ಣು ತುಂಬಿ ಬಂತು. ಲೀಲಾ ನೋಡಿದಳು. ಆಕೆಗೆ ಗೊತ್ತು, ಲೋಬಾನದ ಹೊಗೆ ಎದ್ದರೆ ಅವ್ವ ಎಲ್ಲಿಗೆ ಹೋಗುತ್ತಾಳೆ ಅಂತ. ಐವಾನ್-ಎ-ಶಾಹಿ ಹಿಂದಿನ ಗಲ್ಲಿಯಲ್ಲಿ ಹಲೀಮಾಬಿ ಅನ್ನುವ ಮುದುಕಿಯ ಮನೆಯ ಹಿಂದಿನ ಕೋಣೆಗೆ. ಆರು ವರ್ಷದ ಹಿಂದಿನ ಬೇಸಿಗೆಗೆ. ಆ ಬೇಸಿಗೆಯಲ್ಲಿ ಒಬ್ಬ ಅಜ್ಜಿ ತನ್ನ ಮೊಮ್ಮಗಳಿಗಾಗಿ ಹೇಳಿ ಇಟ್ಟ ಮಾತನ್ನು ನಾನು ಕಳೆದೆ. ನಾನೇ ಈಗ ಅಜ್ಜಿಯಾಗಿ ಕುಂತಿದ್ದೇನೆ. ಇನ್ನು ಅದನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳಲಾರೆ.

ಲೀಲಾ ಮದುವೆಗಳ ಫೋಟೋ, ವಿಡಿಯೋ ತೆಗೆಯುವಾಕೆ. ಹೆಣ್ಣುಮಕ್ಕಳ ಕಡೆ ಗಂಡಸರ ಕ್ಯಾಮೆರಾ ಬೇಡ ಅನ್ನುವ ಮನೆಗಳು ಕಲಬುರಗಿಯಲ್ಲಿ ಬಹಳ. ಮುಸಲ್ಮಾನರ ಮದುವೆಯಲ್ಲಿ ಹೆಂಗಸರ ಕಡೆಗೆ, ನಮ್ಮವರಲ್ಲಿ ಬಸುರಿಯರ ಕುಬುಸದ ಕಾರ್ಯಕ್ಕೆ, ಮದುಮಗಳಿಗೆ ಸೀರೆ ಉಡಿಸುವ ಕೋಣೆಗೆ ಲೀಲಾನೇ ಬೇಕು. ಜೇವರ್ಗಿ ಕಾಲೋನಿಯಲ್ಲಿ ಬಾಡಿಗೆಗೆ ಎರಡು ಕೋಣೆ, ಮುಂದಿನದು ಸ್ಟುಡಿಯೋ, ಹಿಂದಿನದು ಮನೆ. ಅಳಿಯ ಬಸ್ ಕಂಡಕ್ಟರ್, ವಾರದಲ್ಲಿ ಮೂರು ದಿನ ಊರಲ್ಲಿದ್ದರೆ ಹೆಚ್ಚು. ನಾನು ಕಮಲಾಪುರದಾಕೆ. ಬಸ್ ನಿಲ್ಲುವ ಜಾಗದಲ್ಲಿ ಬುಟ್ಟಿ ಇಟ್ಟುಕೊಂಡು ಕೆಂಪು ಬಾಳೆಹಣ್ಣು ಮಾರಿ ಮಗಳನ್ನು ಬೆಳೆಸಿದೆ. ಆ ವರ್ಷ ನನ್ನ ಮೊಳಕಾಲು ಹಿಡಿದು ಬುಟ್ಟಿ ಹೊರಲಾಗದೆ ಹೋಯಿತು. "ಬಾ ಅವ್ವಾ, ಇಲ್ಲಿ ಕುಂತು ಮಾಡೋ ಕೆಲಸ ಅದ" ಅಂತ ಲೀಲಾ ಕರೆದಳು. ಹೋದೆ.

ಆ ಬೇಸಿಗೆ ಎಂಥದಿತ್ತು ಅಂದರೆ, ಮುಂಜಾನೆ ಒಂಬತ್ತಕ್ಕೆ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಕೂಲರಿಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಆರಿ ಹೋಗುತ್ತಿತ್ತು. ಅಂಥ ಬಿಸಿಲಲ್ಲಿ ಮದುವೆಗಳೋ ಒಂದರ ಬೆನ್ನಿಗೆ ಒಂದು. ಲೀಲಾಳ ಕ್ಯಾಮೆರಾಕ್ಕೆ ಕಾರ್ಡು ಸಾಲದಾದವು. ಕಾರ್ಡು ಅಂದರೆ ಅಂಚೆ ಚೀಟಿಯಷ್ಟು ಅಗಲದ ಕರಿ ಪ್ಲಾಸ್ಟಿಕ್ ಬಿಲ್ಲೆ. ತೆಗೆದ ಫೋಟೋ, ವಿಡಿಯೋ ಎಲ್ಲ ಅದರೊಳಗೇ ಕೂಡುತ್ತದೆ. ಹೆಸರಿದ್ದ ಕಾರ್ಡು ಹತ್ತಿಪ್ಪತ್ತು ಕೊಳ್ಳುವ ತಾಕತ್ತು ಎಲ್ಲಿಯದು? ಸೂಪರ್ ಮಾರ್ಕೆಟ್ ಕಡೆ ರವೂಫ್ ಭಾಯಿ ಅನ್ನುವವರ ಸಣ್ಣ ಅಂಗಡಿಯಿಂದ ಸಸ್ತಾ ಮಾಲು ತರುತ್ತಿದ್ದಳು. ಸಸ್ತಾ ಕಾರ್ಡಿನಲ್ಲಿ ಒಳ್ಳೆಯವೂ ಇರುತ್ತವೆ, ಮೋಸದವೂ ಇರುತ್ತವೆ. ಮೇಲೆ ಬರೆದದ್ದೊಂದು, ಒಳಗೆ ಹಿಡಿಯುವುದೊಂದು. ಮದುವೆ ಮನೆಯಲ್ಲಿ ಕೈಕೊಟ್ಟರೆ ತಾಳಿ ಇನ್ನೊಮ್ಮೆ ಕಟ್ಟಿ ಅನ್ನಲು ಬರುತ್ತದೆಯೇ? ಅದಕ್ಕೇ ಮೊದಲೇ ಆರಿಸಬೇಕು. ಅದು ನನ್ನ ಕೆಲಸ.

"ಅವ್ವಾ, ಬಾಳೆಹಣ್ಣು ಒತ್ತಿ ಒಳಗ ಕೊಳತದ ಅಂತ ಹೇಳ್ತಿದ್ದಿ ನೋಡು, ಹಂಗೇ ಇವನ್ನೂ ನೋಡಿ ಹೇಳು" ಅಂದಳು.

"ಹಣ್ಣು ಒತ್ತಿದ್ರ ಹೇಳ್ತದ. ಇದೇನ್ ಹೇಳ್ತದಬೇ?"

"ಇದೂ ಹೇಳ್ತದ. ಕೇಳೋ ತಾಳ್ಮಿ ಬೇಕು. ನನಗಿಲ್ಲ, ನಿನಗ ಅದ."

ತಾಳ್ಮೆ ಇತ್ತು. ನಾಲ್ಕು ದಿನದಲ್ಲಿ ಕಲಿತೆ. ಮೊದಲು ಕೈಯಿಂದ ನೋಡುವುದು. ಕಾರ್ಡಿನ ಬದಿಯ ಸಣ್ಣ ಕೀಲಿ ಲೊಡಲೊಡ ಅಂದರೆ ಅದು ಅಲ್ಲೇ ಬದಿಗೆ. ಹೆಬ್ಬೆರಳು ಒದ್ದೆ ಮಾಡಿ ಮೇಲಿನ ಅಕ್ಷರ ತಿಕ್ಕುತ್ತಿದ್ದೆ. ನಾನು ಕಲಿತದ್ದು ಮೂರನೇ ಕ್ಲಾಸು, ಇಂಗ್ಲಿಷ್ ಬಾರದು, ಆದರೆ ತಿಕ್ಕಿದರೆ ಅಳಿಸುವ ಅಕ್ಷರ ಯಾವುದೆಂದು ಕಣ್ಣಿಗೆ ಕಾಣುತ್ತದಲ್ಲ.

ಆಮೇಲೆ ಓಟ ನೋಡುವುದು. ಕ್ಯಾಮೆರಾದ ಗುಂಡಿ ಒತ್ತಿ ಹಿಡಿದರೆ ಟಕಟಕ ಅಂತ ಹತ್ತು ಫೋಟೋ. ಕೈ ಬಿಟ್ಟ ಮೇಲೂ ಹಿಂದುಗಡೆ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಕಾರ್ಡು ಇನ್ನೂ ಬರೆದುಕೊಳ್ಳುತ್ತಿದೆ ಅಂತ ಅರ್ಥ. ಆ ದೀಪ ಆರುವ ತನಕ ಎಣಿಸುತ್ತಿದ್ದೆ, ಲಾಭ, ಎರಡು, ಮೂರು, ನಾಲ್ಕು. ಕಣದಲ್ಲಿ ಜೋಳ ಅಳೆಯುವಾಗ ಮೊದಲ ಸೇರಿಗೆ ನಾವು ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಆ ರೂಢಿ ಬಾಯಿಂದ ಹೋಗಲೇ ಇಲ್ಲ. ಐದರೊಳಗೆ ದೀಪ ಆರಿದರೆ ಕಾರ್ಡು ಚುರುಕು. ಹತ್ತು ದಾಟಿದರೆ ಫೋಟೋಕ್ಕೆ ನಡೆಯುತ್ತದೆ, ವಿಡಿಯೋಕ್ಕೆ ಬೇಡ. ಇಪ್ಪತ್ತಾದರೂ ಮಿಣುಕುತ್ತಿದ್ದರೆ ತೆಗೆದು ಗಲ್ಲಕ್ಕೆ ಹಚ್ಚಿ ನೋಡುತ್ತಿದ್ದೆ, ಜ್ವರ ಬಂದ ಹುಡುಗರ ಹಣೆಯ ಹಾಗೆ ಸುಡುತ್ತಿರುತ್ತಿತ್ತು. ಅಂಥದ್ದು ವಾಪಸ್.

ಕಡೆಗೆ ತುಂಬಿಸಿ ನೋಡುವುದು. ಕ್ಯಾಮೆರಾವನ್ನು ಗೋಡೆ ಗಡಿಯಾರದ ಎದುರಿಗೆ ನಿಲ್ಲಿಸಿ ವಿಡಿಯೋ ಹಚ್ಚಿ ಬಿಡಬೇಕು. ಅರ್ಧ ತಾಸಿಗೊಮ್ಮೆ ಕ್ಯಾಮೆರಾ ತಾನೇ ನಿಲ್ಲುತ್ತದೆ, ಮತ್ತೆ ಹಚ್ಚಬೇಕು. ಒಂದು ಕಾರ್ಡಿಗೆ ಮೂರು ತಾಸು. ಆಮೇಲೆ ಅದನ್ನು ಓಡಿಸಿ ನೋಡಿದರೆ ಗಡಿಯಾರದ ಮುಳ್ಳು ಜಿಗಿಯದೆ ನಡೆಯಬೇಕು. ಒಂದು ಕಾರ್ಡಿನಲ್ಲಿ ಹನ್ನೆರಡೂ ಕಾಲಿಗಿದ್ದ ಮುಳ್ಳು ಒಮ್ಮೆಲೇ ಒಂದು ಗಂಟೆಗೆ ಹೋಗಿ ನಿಂತಿತು. "ಲೀಲಾ, ಈ ಕಳ್ಳ ಮುಕ್ಕಾಲು ತಾಸು ನುಂಗ್ಯಾನ ನೋಡು!" ಅಂತ ಕೂಗಿದೆ. ಆಕೆ ಬಿದ್ದು ಬಿದ್ದು ನಕ್ಕಳು.

ಇನ್ನು ಹತ್ತು ನಿಮಿಷದ ಜಾಗ ಉಳಿದಿದೆ ಅಂತ ಕ್ಯಾಮೆರಾ ತೋರಿಸಿದಾಗ ನನ್ನ ಕೈ ತಾನಾಗಿ ಹೋಗಿ ನಿಲ್ಲಿಸಿ ಬಿಡುತ್ತಿತ್ತು. ಲೀಲಾ ಹಾಗೆ ಹೇಳಿಕೊಟ್ಟಿರಲಿಲ್ಲ. ಅದು ನಮ್ಮತ್ತೆ ಹಚ್ಚಿದ ರೂಢಿ. ಜೋಳ ಕೂಡಿಡುವ ಗುಮ್ಮಿಯನ್ನು ಬಾಯಿಮಟ ತುಂಬಬಾರದು, ಮುಂದೆ ಬರುವ ಕಾಳಿಗೆ ಒಂದು ಗೇಣು ಜಾಗ ಬಿಡಬೇಕು ಅನ್ನುತ್ತಿದ್ದರು. ಬಾಯಿಮಟ ತುಂಬಿದರೆ ಇನ್ನು ಸಾಕು ಅಂದ ಹಾಗಂತೆ. ನಲವತ್ತು ವರ್ಷ ಗುಮ್ಮಿ ತುಂಬಿದ ಕೈ, ಕಾರ್ಡನ್ನೂ ಹಾಗೇ ತುಂಬಿತು. ಅದರಲ್ಲಿ ಏನಾದರೂ ತಪ್ಪಿದೆ ಅಂತ ಮನಸ್ಸಿಗೆ ಹೊಳೆಯಲೂ ಇಲ್ಲ.

ಪಾಸಾದ ಕಾರ್ಡಿಗೆ ಲೀಲಾ ಉಗುರು ಬಣ್ಣದಿಂದ ಒಂದು ಕೆಂಪು ಚುಕ್ಕೆ ಇಡುತ್ತಿದ್ದಳು. ಊರಿನ ಬೇರೆ ಫೋಟೋದವರಿಗೂ ಸುದ್ದಿ ಹೋಯಿತು. "ಕಾರ್ಡವ್ವಾ, ನಮ್ಮವೂ ನಾಲ್ಕು ನೋಡಿ ಕೊಡ್ರೀ" ಅಂತ ಬಾಗಿಲಿಗೆ ಬರತೊಡಗಿದರು. ಕಾರ್ಡವ್ವ! ಬುಟ್ಟಿ ಹೊತ್ತು ಬಿಸಿಲಲ್ಲಿ ಬಸ್ಸಿನ ಕಿಟಕಿಯ ಕೆಳಗೆ ಓಡಿದಾಕೆಗೆ ಕುರ್ಚಿಯ ಮೇಲೆ ಕುಂತು ಅಂಥ ಹೆಸರು. ನನಗೆ ಹೆಮ್ಮೆ ಆಗಲಿಲ್ಲ ಅಂದರೆ ಸುಳ್ಳು.

ಆ ವೇಳೆಗೇ ನಸ್ರೀನ್‌ಳ ಮದುವೆ ಬಂತು. ಹಲ್ದಿ, ಮೆಹಂದಿ, ನಿಕಾಹ್, ಮೂರು ದಿನದ ಕೆಲಸ. ಲೀಲಾ ಕ್ಯಾಮೆರಾ ಹಿಡಿದರೆ ನಾನು ದೀಪ ಹಿಡಿಯುವಾಕೆ. ನಸ್ರೀನ್ ತಾಯಿಯಿಲ್ಲದ ಹುಡುಗಿ. ಎತ್ತಿ ಆಡಿಸಿ ದೊಡ್ಡವಳನ್ನು ಮಾಡಿದ್ದು ಆಕೆಯ ದಾದಿ, ಅಂದರೆ ತಂದೆಯ ತಾಯಿ, ಹಲೀಮಾಬಿ. ಹಳೆಯ ಸೀರೆ ಕೂಡಿಸಿ ಕೌದಿ ಹೊಲಿಯುವುದರಲ್ಲಿ ಆ ಗಲ್ಲಿಗೆಲ್ಲ ಹೆಸರಾದಾಕೆ. ಕೋಣೆ ತುಂಬ ಕೌದಿ, ಮೂಲೆಯಲ್ಲಿ ಲೋಬಾನದ ಹೊಗೆ. ಮೊದಲ ದಿನವೇ ನನ್ನನ್ನು ಹಿಡಿದಳು.

"ಏ ಚಂದಮ್ಮಾ, ನೀ ದೀಪ ಹಿಡದ್ರ ನಾ ಛಂದ ಕಾಣ್ತೀನೇನು?"

"ಹಲ್ಲಿದ್ದಾಗ ಕರೆದಿದ್ರ ಕಾಣ್ತಿದ್ರಿ."

"ನಿನಗರ ಎಷ್ಟ ಅದಾವ, ತೋರಿಸು!"

ಇಬ್ಬರೂ ಬಾಯಿ ತೆರೆದು ಎಣಿಸಿಕೊಂಡೆವು. ಆಕೆಗಿಂತ ನನಗೆ ನಾಲ್ಕು ಹೆಚ್ಚು. ಮೂರು ದಿನವೂ ಊಟಕ್ಕೆ ನನ್ನನ್ನು ತನ್ನ ಬದಿಯಲ್ಲೇ ಕೂಡಿಸಿಕೊಂಡಳು. ನನಗೆ ಮಾಂಸ ನಡೆಯದು ಅಂತ ಬೇರೆ ಪಾತ್ರೆಯಲ್ಲಿ ಬೇಳೆ ಮಾಡಿಸಿದ್ದಳು.

ನಿಕಾಹ್ ಶಾದಿಖಾನಾದಲ್ಲಿ ಆಯಿತು. ಆದರೆ ಮೊಮ್ಮಗಳನ್ನು ಮನೆಯ ಹೊಸ್ತಿಲಿನಿಂದಲೇ ಕಳಿಸಬೇಕು ಅಂತ ಹಲೀಮಾಬಿಯ ಹಟ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಎಲ್ಲರೂ ಗಲ್ಲಿಗೆ ಬಂದರು. ಅಂಗಳದಲ್ಲಿ ಗದ್ದಲ, ಹೊರಗೆ ಕಾರು ಸಿದ್ಧ. ಆಗ ಹಲೀಮಾಬಿ ಲೀಲಾಳ ಕೈ ಹಿಡಿದು ಹಿಂದಿನ ಕೋಣೆಗೆ ಕರೆದೊಯ್ದಳು. ನಾನೂ ದೀಪ ಹಿಡಿದು ಹೋದೆ.

"ಬೇಟಿ, ನಸ್ರೀನ್‌ಗ ನಾ ನಾಲ್ಕು ಮಾತು ಹೇಳ್ಬೇಕು. ಎದುರಿಗಿ ಹೇಳಿದ್ರ ಆಕಿ ಅಳ್ತಾಳ, ನಾನೂ ಅಳ್ತೀನಿ, ಮಾತು ಗಂಟಲಾಗೇ ಉಳೀತದ. ಇದರಾಗ ಹೇಳಿ ಇಡ್ತೀನಿ. ಗಂಡನ ಮನ್ಯಾಗ ತಣ್ಣಗ ಕುಂತು ಕೇಳ್ಲಿ."

ಲೀಲಾ ಕ್ಯಾಮೆರಾ ನೋಡಿದಳು. "ಒಂಬತ್ತು ನಿಮಿಷದ ಜಾಗ ಅದ. ಸಾಕೇನ್ರಿ ದಾದಿ?"

"ಸಾಕು ಸಾಕು. ನಾ ಏನ್ ವಕೀಲಳೇನು?"

"ಅವ್ವಾ, ಈ ಕಾರ್ಡ್ ನೀನೇ ನೋಡಿದ್ದು ಹೌದಲ್ಲ?"

"ನಂದೇ. ಕೆಂಪು ಚುಕ್ಕಿ ಅದಲ್ಲ. ನೀ ನಡಿ, ಅಲ್ಲಿ ಮದುಮಗಳು ಹೊಂಟಾಳ" ಅಂದೆ.

ಲೀಲಾ ವಿಡಿಯೋ ಹಚ್ಚಿಟ್ಟು, ಇನ್ನೊಂದು ಸಣ್ಣ ಕ್ಯಾಮೆರಾ ತೆಗೆದುಕೊಂಡು ಅಂಗಳಕ್ಕೆ ಓಡಿದಳು. ಕೋಣೆಯಲ್ಲಿ ನಾನು, ಹಲೀಮಾಬಿ, ನಡುವೆ ಆ ಕ್ಯಾಮೆರಾ. ಆಕೆ ಸೆರಗು ಸರಿ ಮಾಡಿಕೊಂಡು, ಕ್ಯಾಮೆರಾದ ಗಾಜನ್ನು ಮೊಮ್ಮಗಳ ಮುಖವನ್ನೇ ನೋಡಿದ ಹಾಗೆ ನೋಡಿ, ಮೆಲ್ಲಗೆ ಮಾತು ಶುರು ಮಾಡಿದಳು. ತಮ್ಮ ಮನೆಮಾತಿನಲ್ಲೇ ಹೇಳಿದಳು. ಸಂತೆ, ಬಸ್ ಸ್ಟ್ಯಾಂಡಿನಲ್ಲಿ ಬದುಕಿದ ನನಗೆ ಆ ಮಾತು ತಿಳಿಯುತ್ತದೆ.

ತಿಳಿಯುತ್ತದೆ, ಆದರೆ ನಾನು ಕೇಳಲಿಲ್ಲ. ಮೊದಲಿಗೆ ಒಂದಿಷ್ಟು ಕೇಳಿದೆ. ಆಮೇಲೆ ನನ್ನ ಕಣ್ಣು ಕ್ಯಾಮೆರಾದ ಹಿಂದಿನ ಅಂಕಿಯ ಮೇಲೆ ಹೋಯಿತು. ಏಳು ನಿಮಿಷ, ಆರು ನಿಮಿಷ. ನಾನು ಆರಿಸಿದ ಕಾರ್ಡು ಎಲ್ಲೂ ತಡವರಿಸದೆ ಓಡುತ್ತಿದೆ, ಭಲೇ ಅಂತ ನನ್ನೊಳಗೇ ಬೀಗುತ್ತಿದ್ದೆ. ಮಾತು ಕೇಳಲು ಯಂತ್ರ ಇದೆಯಲ್ಲ, ನಾನೇಕೆ ಕೇಳಬೇಕು? ಆಕೆ ಮಾತು ಮುಗಿಸಿ ಕಣ್ಣೊರೆಸಿಕೊಂಡಾಗ ಎರಡು ನಿಮಿಷದ ಜಾಗ ಉಳಿದಿತ್ತು. "ಆಯ್ತೇನ್ರಿ?" ಅಂದೆ. "ಆಯ್ತು. ಇನ್ನ ಹಗುರಾದೆ" ಅಂದಳು. ಇಬ್ಬರೂ ಅಂಗಳಕ್ಕೆ ಹೋಗಿ ಮದುಮಗಳನ್ನು ಕಳಿಸಿದೆವು. ನಸ್ರೀನ್ ದಾದಿಯ ಕೊರಳಿಗೆ ಬಿದ್ದು ಅತ್ತಳು. ಹಲೀಮಾಬಿ ಅಳಲಿಲ್ಲ.

ನಸ್ರೀನ್ ಹೋದದ್ದು ತಾಜಸುಲ್ತಾನಪುರಕ್ಕೆ, ಕಲಬುರಗಿಗೆ ಹತ್ತಿಕೊಂಡೇ ಇದ್ದ ಊರು. ಮದುವೆಯಾಗಿ ಇಪ್ಪತ್ತೆರಡು ದಿನಕ್ಕೆ ಒಂದು ಮಧ್ಯಾಹ್ನ ಕೌದಿ ಹೊಲಿಯುತ್ತಾ ಕುಂತ ಹಲೀಮಾಬಿ ಹಾಗೇ ಗೋಡೆಗೆ ಒರಗಿದಳು. ಸೂಜಿಯಲ್ಲಿ ದಾರ ಇದ್ದ ಹಾಗೇ ಇತ್ತಂತೆ. ಬಿಸಿಲು ಅಂದರು, ಎದೆ ಅಂದರು. ಏನಾದರೇನು, ಆಕೆ ಹೋದಳು.

ನಾಲ್ಕನೆಯ ದಿನ ನಸ್ರೀನ್‌ಳ ಫೋನು ಬಂತು. "ಲೀಲಾ ಅಕ್ಕಾ, ಅಲ್ಬಮ್ ಯಾವಾಗರ ಕೊಡ್ರಿ. ದಾದಿ ನನಗ ಫೋನ್‌ನ್ಯಾಗ ಹೇಳಿದ್ಳು, ವಿಡಿಯೋದಾಗ ನಿನಗ ಮಾತು ಇಟ್ಟೀನಿ ಅಂತ. ಅದೊಂದು ಈಗ ಕಳಿಸ್ರಿ. ಅದೊಂದು ಸಾಕು."

ಲೀಲಾ ಮದುವೆಯ ಮರುದಿನವೇ ಎಲ್ಲ ಕಂಪ್ಯೂಟರಿಗೆ ಹಾಕಿಟ್ಟಿದ್ದಳು, ಆದರೆ ಕೆಲಸದ ಗಡಿಬಿಡಿಯಲ್ಲಿ ತೆರೆದು ನೋಡಿರಲಿಲ್ಲ. ಆಗ ತೆರೆದಳು. ನಾನು ಬೆನ್ನ ಹಿಂದೆ ನಿಂತಿದ್ದೆ. ಹಲೀಮಾಬಿ ಕಂಡಳು. ಸೆರಗು ಸರಿ ಮಾಡಿಕೊಂಡಳು. ಬಾಯಿ ತೆರೆದಳು. ಅಷ್ಟರಲ್ಲಿ ಮುಖ ಹರಿದ ಹಾಗಾಗಿ ಪರದೆಯ ತುಂಬ ಹಸಿರು ಪಟ್ಟಿ. ಸದ್ದಿಲ್ಲ. ಕೊನೆಯ ತನಕ ಬರೀ ಹಸಿರು ಪಟ್ಟಿ.

ಅಲ್ಬಮ್ ಕೊಡುವ ತನಕ ಅಂತ ಅಳಿಸದೆ ಇಟ್ಟಿದ್ದ ಆ ಕಾರ್ಡನ್ನೇ ಹಾಕಿ ನೋಡಿದರೂ ಅದೇ. ಅಳಿಸಿದ್ದನ್ನು ತೆಗೆದುಕೊಡುವವರ ಹತ್ತಿರ ಹೋದೆವು, ಮೂರು ದಿನ ಇಟ್ಟುಕೊಂಡರು. "ಇದು ಅಳಿಸಿದ್ದಲ್ಲ ಮೇಡಂ, ಕಾರ್ಡಿನ್ಯಾಗ ಬರೆದೇ ಇಲ್ಲ. ಇರಲಾರದ್ದು ಎಲ್ಲಿಂದ ತರೋದು?" ಅಂತ ವಾಪಸ್ ಕೊಟ್ಟರು. ಲೀಲಾ ನಸ್ರೀನ್‌ಗೆ ಫೋನು ಮಾಡಿ ಹೇಳಿದಳು. ಆ ಕಡೆಯಿಂದ ಒಂದು ಬೈಗುಳವೂ ಬರಲಿಲ್ಲ. ಫೋನು ಕಟ್ಟಾಯಿತು.

ಲೀಲಾ ಎರಡು ಮದುವೆ ಒಲ್ಲೆ ಅಂದಳು. ಕ್ಯಾಮೆರಾ ಚೀಲದ ಜಿಪ್ಪು ತೆಗೆಯಲಿಲ್ಲ. "ನಾ ಅವತ್ತೇ ತೆರೆದು ನೋಡ್ಬೇಕಿತ್ತು ಅವ್ವಾ. ಮುದುಕಿ ಬದುಕಿದ್ದಾಗೇ ನೋಡಿದ್ರ ಇನ್ನೊಮ್ಮೆ ಹೇಳಿಸಬಹುದಿತ್ತು" ಅಂತ ಒಂದೇ ಮಾತು ನೂರು ಸಲ. ನನಗೆ ಸಿಟ್ಟು ನೆತ್ತಿಗೇರಿತು. ಕಾರ್ಡನ್ನು ಸೆರಗಿನ ತುದಿಗೆ ಕಟ್ಟಿಕೊಂಡು ರವೂಫ್ ಭಾಯಿಯ ಅಂಗಡಿಗೆ ಹೋದೆ. ನಾಲ್ಕು ಗಿರಾಕಿಗಳ ಮುಂದೆ ಗಾಜಿನ ಮೇಲೆ ಕುಕ್ಕಿದೆ.

"ಇಂಥ ಖೋಟಾ ಮಾಲು ಮಾರಿ ಯಾರ ಮನಿ ಹಾಳ ಮಾಡ್ತಿಯೋ?"

ಆತ ಕಾರ್ಡು ತಿರುವಿ ನೋಡಿದ. "ಅಮ್ಮಾ, ಸಸ್ತಾ ಮಾಲಿನ್ಯಾಗ ಖೋಟ ಇರ್ತದ ಅಂತ ನಾ ಮೊದಲೇ ಹೇಳ್ತೀನಿ. ಅದಕ್ಕೇ ನೋಡಿ ತಗೋರಿ, ಕೆಟ್ಟದ್ದು ವಾ‌ಪಸ್ ತರ್ರಿ ಅಂತೀನಿ. ನೀವು ಎಷ್ಟ ವಾಪಸ್ ತಂದ್ರಿ, ನಾ ಒಮ್ಮೆರ ಇಲ್ಲ ಅಂದೀನೇನು? ಇದಕ್ಕ ನಿಮ್ಮದೇ ಚುಕ್ಕಿ ಅದಲ್ಲ."

"ಮೂರು ತಾಸು ನೋಡೀನಿ ಇದನ್ನ!"

"ಪೂರಾ ತುಂಬಿಸಿದ್ರೇನು? ಇಂಥ ಕಾರ್ಡ್ ಕಡೀಗೇ ಮೋಸ ಮಾಡ್ತಾವ. ಬಾಯಿಮಟ ತುಂಬಿಸಿದ್ರೇನು?"

"ಯಾರಾದ್ರೂ ಬಾಯಿಮಟ ತುಂಬ್ತಾರೇನೋ?" ಅಂದೆ.

ಅಂದದ್ದು ನನ್ನ ಕಿವಿಗೇ ಕೇಳಿಸಿತು. ಅಂಗಡಿಯಲ್ಲಿ ಇದ್ದವರು ನಕ್ಕರೋ ಇಲ್ಲವೋ ಗೊತ್ತಿಲ್ಲ. ರವೂಫ್ ಭಾಯಿ ನಗಲಿಲ್ಲ. ಒಂದು ಸ್ಟೂಲು ಎಳೆದು "ಕೂಡ್ರಿ ಅಮ್ಮಾ, ನೀರ್ ಕುಡೀರಿ" ಅಂದ. ನಾನು ಕೂಡಲಿಲ್ಲ. ಹೊರಗೆ ಬಂದು ಆ ಬಿಸಿಲಲ್ಲಿ ಎಷ್ಟು ಹೊತ್ತು ನಿಂತೆನೋ. ಆಟೋದವನೊಬ್ಬ ಎಲ್ಲಿಗಿ ಅಂದ. ಬಸ್ ಸ್ಟ್ಯಾಂಡಿಗೆ ಅಂದೆ. ಮಗಳಿಗೆ ಹೇಳದೆ ಕಮಲಾಪುರದ ಬಸ್ಸು ಹತ್ತಿದೆ.

ಊರಿಗೆ ಬಂದ ಮರುದಿನ ಮೊದಲ ಮಳೆ ಬಂತು. ಯಾವಾಗಲೂ ಮಳೆ ಬಂದರೆ ಅಂಗಳಕ್ಕೆ ಓಡುವಾಕೆ ನಾನು, ಅವತ್ತು ಒಳಗೇ ಕುಂತೆ. ಮೊಳಕಾಲಿನ ನೋವು ಅಂತ ಲೀಲಾಗೆ ಫೋನಿನಲ್ಲಿ ಸುಳ್ಳು ಹೇಳಿದೆ. ಆಕೆ ಅಲ್ಲಿ ತಾನೇ ತಪ್ಪಿತಸ್ಥೆ ಅಂತ ಕೊರಗುತ್ತಿದ್ದಾಳೆ, ನಾನಿಲ್ಲಿ ಬಾಯಿ ಮುಚ್ಚಿಕೊಂಡಿದ್ದೇನೆ. ಹೇಳಿದರೆ ಏನಾಗುತ್ತಿತ್ತು? ಕಾರ್ಡವ್ವ ಅನ್ನುವ ಹೆಸರು ಹೋಗುತ್ತಿತ್ತು, ಅಷ್ಟೇ. ಅಷ್ಟಕ್ಕೇ ಹದಿನೆಂಟು ದಿನ ಬಾಯಿ ಬಿಡಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಹತ್ತೊಂಬತ್ತನೆಯ ದಿನ ಲೀಲಾ ತಾನೇ ಬಂದಳು. ಮೊಳಕಾಲಿಗೆ ಎಣ್ಣೆ ತಂದಿದ್ದಳು. ನನ್ನ ಕಾಲು ತನ್ನ ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕತೊಡಗಿದಳು. ಆ ಕೈ ತಾಗಿದ ಮೇಲೆ ತಡೆಯಲಾಗಲಿಲ್ಲ.

"ಲೀಲಾ, ನಾ ಆ ಕಾರ್ಡ್ ಪೂರಾ ತುಂಬಿರಲಿಲ್ಲ. ಹತ್ತು ನಿಮಿಷ ಬಿಟ್ಟಿದ್ದೆ."

ಕೈ ನಿಂತಿತು. "ಯಾಕ?"

"ರೂಢಿ. ಗುಮ್ಮಿ ತುಂಬಿದಂಗ."

"ಎಲ್ಲಾದರಾಗೂ ಬಿಟ್ಟಿದ್ದೇನು?"

"ಎಲ್ಲಾದರಾಗೂ."

ಲೀಲಾ ಒಮ್ಮೆ ನಕ್ಕಳು, ತಡೆಯದೆ ಬಂದ ನಗು ಅದು. ಆಮೇಲೆ ಆ ನಗುವೇ ಅಳುವಾಯಿತು. ಬೈಯುತ್ತಾಳೆ ಅಂತ ಕಾದೆ. ಬೈಯಲಿಲ್ಲ. ಎಣ್ಣೆಯ ಕೈಯಿಂದಲೇ ಮೂಗು ಒರೆಸಿಕೊಂಡು, "ನಾನೂ ಒಮ್ಮಿ ಬದೀಗೆ ಕುಂತು ನೋಡ್ಬೇಕಿತ್ತು. ನಿನ್ನ ಮ್ಯಾಲೆ ಬಿಟ್ಟು ನಿಶ್ಚಿಂತಿ ಇದ್ದೆ" ಅಂದಳು. ಮತ್ತೆ ಕಾಲು ತಿಕ್ಕತೊಡಗಿದಳು. "ಆದ್ರ ನಸ್ರೀನ್‌ಗ ಇದನ್ನ ನಾ ಹೇಳಂಗಿಲ್ಲ. ನೀನೇ ಹೋಗಿ ಹೇಳು."

ಒಬ್ಬಳೇ ಹೋದೆ. ತಾಜಸುಲ್ತಾನಪುರದಲ್ಲಿ ಕೆಸರು ದಾಟಿ ಮನೆ ಕೇಳಿಕೊಂಡು ಹೋದಾಗ ನಸ್ರೀನ್ ತೊಗರಿಬೇಳೆ ಹಸನು ಮಾಡುತ್ತಾ ಕುಂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಚಾಪೆ ಹಾಸಿದಳು, ನೀರು ಕೊಟ್ಟಳು. ನಾನು ಚಾಪೆಯ ಮೇಲೆ ಕೂಡದೆ ನೆಲಕ್ಕೆ ಕುಂತು ಎಲ್ಲ ಹೇಳಿದೆ. ಗುಮ್ಮಿಯ ಮಾತೂ ಹೇಳಿದೆ, ಹದಿನೆಂಟು ದಿನ ಮುಚ್ಚಿಟ್ಟ ಮಾತೂ ಹೇಳಿದೆ. ಆಕೆ ಮೊರದಲ್ಲಿನ ಬೇಳೆಯನ್ನೇ ನೋಡುತ್ತಿದ್ದಳು.

"ಅಮ್ಮಾ, ಆ ಕೋಣ್ಯಾಗ ನೀವು ಇದ್ರಿ ಅಲ್ಲ?"

"ಇದ್ದೆ ತಾಯಿ."

"ದಾದಿ ಏನಂದ್ಳು ಹೇಳ್ರಿ ಹಂಗಾದ್ರ."

ಅದನ್ನು ನಾನು ಎಣಿಸಿಯೇ ಇರಲಿಲ್ಲ. ಮಾಫಿ ಕೇಳಲು ಹೋಗಿದ್ದೆ, ಆಕೆಗೆ ನನ್ನ ಮಾಫಿಯ ಗರಜು ಇರಲಿಲ್ಲ. ಕಣ್ಣು ಮುಚ್ಚಿ ನೆನೆಸಿಕೊಂಡೆ. ನೆನಪಾದಷ್ಟನ್ನು ನನ್ನ ಮಾತಿನಲ್ಲಿ ಹೇಳಿದೆ.

"ಹಸಿವಾದ್ರ ಕೇಳಿ ಉಣ್ಣು ಅಂದ್ಳು. ನಿನ್ನ ಸಣ್ಣಂದಿನ ಚಾಳಿ ಅದು, ಕೇಳೋದಿಲ್ಲ, ಬಾಗಿಲ ಹಿಂದ ನಿಂತ್ಕೋತಿ. ಅಲ್ಲಿ ಯಾರೂ ಬಾಗಿಲ ಹಿಂದ ನೋಡಂಗಿಲ್ಲ ಅಂದ್ಳು. ಆಮ್ಯಾಲೆ, ನಿಮ್ಮವ್ವ ಹೋದಾಗ ನೀ ಒಂಬತ್ತು ತಿಂಗಳಾಕಿ, ತೊಡಿ ಮ್ಯಾಲೆ ಹಾಕ್ಕೊಂಡು ಕೌದಿ ಹೊಲೀತಿದ್ದೆ, ಒಂದಿನ ಸೂಜಿ ನಿನ್ನ ಕಾಲಿಗಿ ಚುಚ್ಚಿತು, ಆ ಕಲಿ ಇನ್ನೂ ಅದ, ಅದನ್ನ ಕಂಡಾಗೆಲ್ಲ ನನ್ನ ಜೀವ ಚುರ್ ಅಂತದ ಅಂದ್ಳು."

ನಸ್ರೀನ್ ಸಲವಾರು ತುಸು ಸರಿಸಿ ಹಿಮ್ಮಡಿಯ ಮೇಲಿನ ಒಂದು ಸಣ್ಣ ಬಿಳಿ ಗುರುತು ಮುಟ್ಟಿ ನೋಡಿಕೊಂಡಳು. "ಇದು ಎದರದು ಅಂತ ನನಗ ಗೊತ್ತೇ ಇರಲಿಲ್ಲ" ಅಂದಳು. "ಮುಂದ?"

"ಇನ್ನೊಂದು ಮಾತು ಅದ ಬೇಟಾ, ಯಾರಿಗೂ ಹೇಳಿಲ್ಲ, ನಿನಗ ಹೇಳ್ತೀನಿ ಅಂದ್ಳು."

"ಏನು?"

"ಅಲ್ಲಿಂದ ಮುಂದ ನಾ ಕೇಳಲಿಲ್ಲ ತಾಯಿ. ನಾ ಕ್ಯಾಮೆರಾದ ಅಂಕಿ ನೋಡ್ಕೋತ ನಿಂತಿದ್ದೆ."

ಆಗ ಅತ್ತಳು. ದಾದಿ ಸತ್ತಾಗ ಎಷ್ಟು ಅತ್ತಿದ್ದಳೋ, ನನಗೇನು ಗೊತ್ತು. ಆದರೆ ಆ ಅಳು ನಾನು ಕೊಟ್ಟದ್ದು. ನಾನು ಏಳುವಾಗ, "ನೆನಪಾದ್ರ ಹೇಳ್ರಿ" ಅಂದಳು. ಅಷ್ಟೇ ಅಂದಳು.

ಆಮೇಲೆ ಲೀಲಾ ಮತ್ತೆ ಕ್ಯಾಮೆರಾ ಹಿಡಿದಳು. ನಾನೂ ಕುರ್ಚಿಗೆ ವಾಪಸ್ ಬಂದೆ, ಹಳೆಯ ಕೆಂಪು ಚುಕ್ಕೆಗಳನ್ನೆಲ್ಲ ಬ್ಲೇಡಿನಿಂದ ಕೆರೆದು ತೆಗೆದು ಪ್ರತಿಯೊಂದನ್ನೂ ಮೊದಲಿನಿಂದ ನೋಡಿದೆ, ಕ್ಯಾಮೆರಾ ತಾನೇ ಜಾಗವಿಲ್ಲ ಅನ್ನುವ ತನಕ. ಮೂವತ್ತೊಂದರಲ್ಲಿ ಎರಡು ಕೊನೆಗೆ ಬಂದು ಕೈಕೊಟ್ಟವು. ಬೇರೆಯವರ ಕಾರ್ಡು ನೋಡುವುದು ಬಿಟ್ಟೆ. ಬಂದವರಿಗೆ ಯಾಕೆ ಬಿಟ್ಟೆ ಅನ್ನುವುದನ್ನೂ ಹೇಳಿ ಕಳಿಸಿದೆ.

ಈ ಆರು ವರ್ಷದಲ್ಲಿ ನಸ್ರೀನ್ ಏಳೆಂಟು ಸಲ ಸಿಕ್ಕಿದ್ದಾಳೆ. ಬಜಾರದಲ್ಲಿ, ಯಾರದೋ ಮದುವೆಯಲ್ಲಿ, ಒಮ್ಮೆ ಆಸ್ಪತ್ರೆಯಲ್ಲಿ. ಸಿಕ್ಕಾಗಲೆಲ್ಲ ಕ್ಷೇಮ ಕೇಳಿ, ಆಮೇಲೆ ದನಿ ಇಳಿಸಿ, "ನೆನಪಾಯ್ತೇನು ಅಮ್ಮಾ?" ಅನ್ನುತ್ತಾಳೆ. ಇಲ್ಲ ಅನ್ನುತ್ತೇನೆ. ಎಷ್ಟೋ ಮಧ್ಯಾಹ್ನ ಕಣ್ಣು ಮುಚ್ಚಿ ಆ ಕೋಣೆಗೆ ಹೋಗಿ ನಿಂತಿದ್ದೇನೆ. ಹಲೀಮಾಬಿಯ ತುಟಿ ಅಲ್ಲಾಡುವುದು ಕಾಣುತ್ತದೆ. ಮಾತು ಬರುವುದಿಲ್ಲ.

ಮೊನ್ನೆ ತೊಟ್ಟಿಲಿಗೂ ಬಂದಿದ್ದಳು. ನಾಲ್ಕು ವರ್ಷದ ತನ್ನ ಮಗಳನ್ನು ಕರಕೊಂಡು, ನಮ್ಮ ಕೂಸಿಗೆ ತಾನೇ ಹೊಲಿದ ಒಂದು ಪುಟ್ಟ ಕೌದಿ ತಂದಿದ್ದಳು. ಹೆಂಗಸರೆಲ್ಲ ಉಂಡು ಹೋದ ಮೇಲೆ ನಾವಿಬ್ಬರೇ ಉಳಿದೆವು. ಕೂಸು ನನ್ನ ತೊಡೆಯ ಮೇಲೆ ಮಲಗಿತ್ತು. ನಸ್ರೀನ್ ಬದಿಗೆ ಸರಿದು ಕುಂತಳು.

"ನೆನಪಾಯ್ತೇನು ಅಮ್ಮಾ?"

ಅವತ್ತು ನನ್ನ ಮನಸ್ಸು ತುಂಬಿ ತುಳುಕುತ್ತಿತ್ತು, ಎಲ್ಲರಿಗೂ ಏನಾದರೂ ಕೊಡಬೇಕು ಅನ್ನಿಸುತ್ತಿತ್ತು. ಅದೂ ಅಲ್ಲದೆ ಈಗ ನನಗೆ ಗೊತ್ತು, ಮೊಮ್ಮಗಳಿಗೆ ಅಜ್ಜಿ ಏನು ಹೇಳುತ್ತಾಳೆ ಅಂತ. ಹದಿಮೂರು ದಿನದಿಂದ ಈ ಕೂಸಿನ ಕಿವಿಯಲ್ಲಿ ಎಷ್ಟು ಹೇಳಿಲ್ಲ ನಾನು! ಅದರಲ್ಲಿ ಒಂದನ್ನು ಎತ್ತಿ ಹಲೀಮಾಬಿ ಹೀಗಂದಳು ಅಂದರೆ ಮುಗಿಯಿತು. ಆ ಹುಡುಗಿ ಇವತ್ತು ಹಗುರಾಗಿ ಮನೆಗೆ ಹೋಗುತ್ತಾಳೆ. ಮಾತು ನಾಲಿಗೆಯ ತುದಿಗೆ ಬಂತು. ನುಂಗಿದೆ.

"ಇಲ್ಲ ತಾಯಿ."

ನಸ್ರೀನ್ ಕೂಸಿನ ಮುಷ್ಟಿಯೊಳಗೆ ತನ್ನ ಬೆರಳು ತೂರಿಸಿದಳು. "ಒಂದು ಸುಳ್ಳರ ಹೇಳಬಹುದಿತ್ತಲ್ಲ ನೀವು. ಆರು ವರ್ಷ ಆಯ್ತು, ಒಮ್ಮೆರ ಹೇಳ್ಲಿಲ್ಲ."

"ಹೇಳಿದ್ರ ನಂಬ್ತಿದ್ದಿ?"

"ನಂಬ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

ಅಂಗಳದಲ್ಲಿ ಅಳಿಯ ಪಾತ್ರೆ ಎತ್ತಿಡುವ ಸದ್ದು. ನಸ್ರೀನ್‌ಳ ಮಗಳು ತೊಟ್ಟಿಲ ಹಗ್ಗ ಹಿಡಿದು ಬರಿ ತೊಟ್ಟಿಲು ತೂಗುತ್ತಿತ್ತು. ನಸ್ರೀನ್ ಮಗಳನ್ನು ಕರೆದು ಬದಿಗೆ ಕೂಡಿಸಿಕೊಂಡಳು. "ನೆನಪಿದ್ದಷ್ಟು ಇನ್ನೊಮ್ಮಿ ಹೇಳ್ರಿ. ಈಕಿನೂ ಕೇಳ್ಲಿ" ಅಂದಳು.

ಹೇಳಿದೆ. ಹಸಿವಾದರೆ ಕೇಳು ಅಂದದ್ದು ಹೇಳಿದೆ. ಬಾಗಿಲ ಹಿಂದೆ ನಿಲ್ಲಬೇಡ ಅಂದದ್ದು, ಸೂಜಿ ಚುಚ್ಚಿದ್ದು ಹೇಳಿದೆ. ಆ ಸಣ್ಣ ಹುಡುಗಿ ತಾಯಿಯ ಹಿಮ್ಮಡಿ ಹುಡುಕಿ ಬೆರಳಿಟ್ಟಿತು. ಇನ್ನೊಂದು ಮಾತು ಅದ ಬೇಟಾ, ಯಾರಿಗೂ ಹೇಳಿಲ್ಲ, ನಿನಗ ಹೇಳ್ತೀನಿ ಅಂದಳು ನಿಮ್ಮ ದಾದಿ, ಅಂದೆ. ಅಲ್ಲಿಗೆ ನಿಲ್ಲಿಸಿದೆ.